ಕೈಯಿಂದ ಕೈಗೆ

ಸೆಪ್ಟೆಂಬರ್ ಬಂತೆಂದರೆ ನಮ್ಮ ಸಿಎಸ್‌ಐ ದೇವಾಲಯಗಳಲ್ಲಿ ಐಕ್ಯತೆಯ ಪ್ರಸಂಗ ತಪ್ಪುವುದಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, 1908ರಲ್ಲೇ ಕೂಡಿಕೊಂಡಿದ್ದ ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಪಂಗಡದವರು, ಎಲ್ಲರೂ ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆದರು. ದೇಶ ಎರಡು ಹೋಳಾಗಿ ಆಗಿನ್ನೂ ಆರು ವಾರ. ಎತ್ತ ನೋಡಿದರೂ ಒಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಒಂದಿಷ್ಟು ಜನ ಕೂಡಿಕೊಂಡರು ಎಂಬುದನ್ನು ನೆನೆದರೆ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಅದು ಒಂದು ದಿನದ ಉತ್ಸಾಹದಲ್ಲಿ ಆದದ್ದಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ಬಿಷಪ್ ಇಲ್ಲದೆ ಸಭೆಯೇ ಇಲ್ಲ ಎನ್ನುವವರು ಒಂದು ಕಡೆ, ಬಿಷಪ್ ಎಂಬ ಅಧಿಕಾರವನ್ನೇ ಒಪ್ಪದವರು ಇನ್ನೊಂದು ಕಡೆ. ಕೊನೆಗೆ ಬಿಷಪ್ಪರ ಸ್ಥಾನ ಉಳಿಯಿತು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದಿದ್ದ ಪಾದ್ರಿಗಳನ್ನೂ ಮರುದೀಕ್ಷೆಯ ಮಾತೆತ್ತದೆ ಹಾಗೆಯೇ ಒಪ್ಪಿಕೊಂಡರು. ಮೊದಲ ದಿನದಿಂದ ಇದಕ್ಕಾಗಿ ದುಡಿದ ದೋರ್ನಕಲ್‌ನ ಬಿಷಪ್ ಅಜರಯ್ಯ ಆ ದಿನ ನೋಡಲಿಲ್ಲ. 1945ರ ಜನವರಿ ಒಂದರಂದೇ ತೀರಿಕೊಂಡಿದ್ದರು.

ಈ ಚರಿತ್ರೆಯನ್ನು ನಾವು ವರ್ಷಕ್ಕೊಮ್ಮೆ ಓದುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮೂರು ವರ್ಷದ ನಂತರ, 1950ರಲ್ಲಿ, ಹೊಸ ಸಭೆ ಸಿದ್ಧಪಡಿಸಿಕೊಂಡ ಕರ್ತನ ಭೋಜನದ ಆರಾಧನಾಕ್ರಮ. ಅದರಲ್ಲಿ ರೊಟ್ಟಿ, ದ್ರಾಕ್ಷಾರಸ, ಕಾಣಿಕೆ ಮುಂದೆ ಬರುವುದಕ್ಕೆ ಮೊದಲು ಸಮಾಧಾನ ಹಂಚಬೇಕು. ಬಾಯಿಮಾತಿನಲ್ಲಲ್ಲ, ಕೈಯಲ್ಲಿ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗುತ್ತದೆ. ಇಬ್ಬರೂ ತಮ್ಮ ಎಡಗೈಯಿಂದ ಎದುರಿನವರ ಬಲಗೈಯನ್ನು ಮುಚ್ಚುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಆರಾಧನೆಯಿಂದ ಬಂದ ಪದ್ಧತಿ ಇದು. ವೇದಿಕೆಯಲ್ಲಿ ಸಭಾಪಾಲಕರಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ಸಾಗಿ ಕೊನೆಯ ಬೆಂಚಿಗೆ ಮುಟ್ಟಬೇಕು. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂಬ ಯೇಸುವಿನ ಬೋಧನೆಯನ್ನು ಈ ಕ್ರಮ ರೂಪಿಸಿದವರು ಅಕ್ಷರಶಃ ನಂಬಿದ್ದರೆಂದು ಕಾಣುತ್ತದೆ.

ನಮ್ಮ ದೇವಾಲಯಗಳಲ್ಲಿ ಈಗ ಅದು ಹೇಗೆ ನಡೆಯುತ್ತದೆ? ಗಂಡ ಹೆಂಡತಿಗೆ, ತಾಯಿ ಮಗನಿಗೆ, ಭಾವ ಮೈದುನನಿಗೆ. ಒಂದೇ ಮನೆಯವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ, ಸಮಾಧಾನ ಆ ಬೆಂಚಿನಲ್ಲೇ ಸುತ್ತಿ ನಿಂತುಬಿಡುತ್ತದೆ. ಬೆಂಚುಸಾಲುಗಳ ನಡುವಿನ ದಾರಿ ದಾಟುವುದಿಲ್ಲ. ಪಾಸ್ಟರೇಟ್ ಕಮಿಟಿ ಚುನಾವಣೆಯಲ್ಲಿ ಎದುರು ನಿಂತವರು ಸಾಮಾನ್ಯವಾಗಿ ಆ ದಾರಿಯ ಆಚೆಗೇ ಇರುತ್ತಾರೆ.

ಇದನ್ನು ನಾನು ದೂರ ನಿಂತು ಹೇಳುತ್ತಿಲ್ಲ. ಕಮಿಟಿಯಲ್ಲಿ ನನ್ನ ಮಾತನ್ನು ತಳ್ಳಿಹಾಕಿದ ಒಬ್ಬ ಹಿರಿಯರಿಗೆ ಎರಡು ವರ್ಷ ನಾನು ಕೈ ಕೊಡಲಿಲ್ಲ. ಅದಕ್ಕಾಗಿಯೇ ಬೆಂಚು ಬದಲಿಸಿದೆ. ಆ ಎರಡು ವರ್ಷವೂ ತಪ್ಪದೆ ಕರ್ತನ ಮೇಜಿಗೆ ಹೋಗಿ ಮೊಣಕಾಲೂರಿದೆ. ಆಮೇಲೆ ಅವರಿಗೆ ವರ್ಗವಾಯಿತು, ಊರು ಬಿಟ್ಟರು. ಕೊಡಬೇಕಾಗಿದ್ದ ಸಮಾಧಾನ ನನ್ನ ಕೈಯಲ್ಲೇ ಉಳಿದಿದೆ.

ನಡುವಿನ ದಾರಿ ದಾಟುವುದು ಎಂದೂ ಸುಲಭವಾಗಿರಲಿಲ್ಲ. ತಂಜಾವೂರು, ವೇಪೇರಿ ಸಭೆಗಳಲ್ಲಿ ಮೇಲುಜಾತಿಯ ಕ್ರೈಸ್ತರು ಬೇರೆ ಕೂರುತ್ತಿದ್ದರು, ಕರ್ತನ ಭೋಜನದ ಪಾತ್ರೆಯನ್ನು ಮೊದಲು ಮುಟ್ಟುತ್ತಿದ್ದರು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಇದು ಕೂಡದೆಂದು ಕಟ್ಟುನಿಟ್ಟಾಗಿ ಬರೆದಾಗ ನೂರಾರು ಮಂದಿ ಸಭೆ ಬಿಟ್ಟು ನಡೆದರು. ಅದರ ಮರುವರ್ಷ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜಾತಿಯನ್ನು ಸಭೆಯ ಹೊಸ್ತಿಲ ಹೊರಗೇ ಬಿಡಬೇಕೆಂದು ಹಟ ಹಿಡಿದರು. ಅಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ, ಬಹುಪಾಲು ಬಿಲ್ಲವರಿದ್ದ ಸಭೆಯ ಒಬ್ಬನಾದ. ಮುಂದೆ ಕೊಡಗಿನಲ್ಲಿ ಹೊಲೆಯರ ನಡುವೆ ದುಡಿದ. ಆ ಕಾಲದಲ್ಲಿ ಒಬ್ಬ ಬ್ರಾಹ್ಮಣ ಹುಡುಗ ದಾಟಿದ ದಾರಿಯ ಮುಂದೆ ನಮ್ಮ ನಡುವಿನ ದಾರಿ ನಾಲ್ಕು ಹೆಜ್ಜೆ.

ನಮ್ಮ ಸಭೆಯ ಆಸ್ತಿಯ ವ್ಯಾಜ್ಯ, ಚುನಾವಣೆಯ ವ್ಯಾಜ್ಯ ಕೋರ್ಟಿನಲ್ಲಿವೆ. ಅವು ಬಗೆಹರಿಯಲಿ ಎಂದು ಪ್ರಾರ್ಥಿಸೋಣ. ಆದರೆ ಅಲ್ಲಿಯವರೆಗೆ ಕಾಯಬೇಕಿಲ್ಲ. ಅಭಿಪ್ರಾಯ ಒಂದಾದ ಮೇಲೆ ಕೈ ಕೊಡುವೆನೆಂದು 1947ರ ಹಿರಿಯರು ಕೂತಿದ್ದರೆ ಇಂದು ನಮಗೆ ಈ ಸಭೆ ಇರುತ್ತಿರಲಿಲ್ಲ. ಬಿಷಪ್ಪರ ಕುರಿತ ಭಿನ್ನಮತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಒಂದೇ ಮೇಜಿಗೆ ಬಂದರು.

ಈ ಪತ್ರಿಕೆಯ ಸಂಪಾದಕನಾದ ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ತಂತಮ್ಮ ಸಭೆಯವರ ಮೇಲಿನ ದೂರುಗಳು. ಅವುಗಳಲ್ಲಿ ನಿಜವೂ ಇದೆ, ನೋವೂ ಇದೆ. ಓದದೆ ಯಾವುದನ್ನೂ ಬದಿಗಿಡುವುದಿಲ್ಲ. ಒಂದು ವಿನಂತಿ ಮಾತ್ರ: ನೀವು ಯಾರ ಮೇಲೆ ಬರೆಯಹೊರಟಿದ್ದೀರೋ ಅವರಿಗೆ ಬರುವ ಭಾನುವಾರ ಬೆಂಚಿನಿಂದೆದ್ದು ಹೋಗಿ ಕೈ ಕೊಟ್ಟು ಬನ್ನಿ. ಆಮೇಲೂ ಬರೆಯಬೇಕೆನಿಸಿದರೆ ಬರೆಯಿರಿ, ಅಚ್ಚು ಹಾಕುತ್ತೇವೆ.