ಕುಕ್ಕುವವಳು ಯಾರು, ಕುಕ್ಕಿಸಿಕೊಳ್ಳುವವಳು ಯಾರು
ನವಿ ಮುಂಬಯಿಯ ತುರ್ಭೆಯ ಗುಡ್ಡದ ಬುಡದ ಚಾಳುಗಳಲ್ಲಿ, ಕಲಬುರಗಿ-ವಿಜಯಪುರ ಕಡೆಯಿಂದ ದುಡಿಯಲು ಬಂದವರ ಮನೆಯೆದುರು ನಾಲ್ಕಾರು ಜವಾರಿ ಕೋಳಿಗಳಿದ್ದರೆ ಆಶ್ಚರ್ಯವಿಲ್ಲ. ಊರಿಂದ ತಂದ ಹೊಸ ಹೇಂಟೆಯನ್ನು ಹಾಡಹಗಲೇ ಅವುಗಳ ನಡುವೆ ಬಿಟ್ಟರೆ ಮಾತ್ರ ಅದರ ಗತಿ ಕೇಳಬೇಡಿ: ಕಾಳಿಗೆ ಹೋದರೆ ಜುಟ್ಟಿಗೆ ಕುಕ್ಕು, ನೀರಿಗೆ ಹೋದರೆ ಬೆನ್ನಿಗೆ ಕುಕ್ಕು. ನಾರ್ವೆಯ ಥಾರ್ಲೀಫ್ ಶೆಲ್ಡರುಪ್-ಎಬ್ಬೆ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ಗಮನಿಸುತ್ತ ಬಂದು, 1920ರ ದಶಕದ ಆರಂಭದಲ್ಲಿ ಈ ಕುಕ್ಕಾಟದ ಹಿಂದಿನ ಮೇಲು-ಕೀಳಿನ ಲೆಕ್ಕವನ್ನು ಬರೆದಿಟ್ಟ. ಒಂದನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕುಕ್ಕಿದರೂ, ಆ ಮೂರನೆಯದು ಕೆಲವೊಮ್ಮೆ ಒಂದನೆಯದನ್ನೇ ಕುಕ್ಕುವುದನ್ನೂ ಆತ ಕಂಡಿದ್ದ; ನನಗೆ ಬಲು ಹಿಡಿಸಿದ್ದು ಇದೇ. ಸಣ್ಣಪುಟ್ಟ ಕುಕ್ಕಾಟದ ನಡುವೆ ನಾವು ಪಂಚಾಯ್ತಿಗೆ ಹೋಗಬಾರದು, ದರ್ಜೆ ತೀರ್ಮಾನವಾದ ಮೇಲೆ ಗಲಾಟೆ ತಾನೇ ಇಳಿಯುತ್ತದೆ. ರಕ್ತ ಬಂದರೆ ಮಾತೇ ಬೇರೆ. ಕೆಂಪು ಕಂಡಲ್ಲಿ ಉಳಿದವೂ ಮುಗಿಬೀಳುತ್ತವೆ. ಗಾಯವಾದದ್ದನ್ನು ಕೂಡಲೇ ಬೇರೆ ಮಾಡಿ ಅರಿಶಿನ ಹಚ್ಚಬೇಕು. ಅಷ್ಟಕ್ಕೆ ಹೋಗದಿರಲು, ಹೊಸ ಹೇಂಟೆಯನ್ನು ಒಂದು ವಾರ ಜಾಲರಿಯಾಚೆ ಇಟ್ಟು ಮುಖಪರಿಚಯ ಮಾಡಿಸಿ, ಆಮೇಲೆ ಕತ್ತಲಾದ ಮೇಲೆ ಗೂಡಿಗೆ ಸೇರಿಸಿ. ಕಾಳು, ನೀರು ಎರಡೆರಡು ಕಡೆ ಇರಲಿ. ಎಪಿಎಂಸಿ ಮಾರುಕಟ್ಟೆ ಹತ್ತಿರವಿರುವಾಗ ಎಲೆಕೋಸಿನ ಹೊರಎಲೆಗೇನು ಬರ? ಒಂದು ಕಟ್ಟು ಕೊಕ್ಕಿಗೆ ಎಟಕುವಷ್ಟು ಎತ್ತರದಲ್ಲಿ ತೂಗುಹಾಕಿದರೆ ಕೆಲಸವಿಲ್ಲದ ಕೊಕ್ಕುಗಳಿಗೆ ಕೆಲಸ ಸಿಗುತ್ತದೆ. ಇಷ್ಟಾದರೂ ಒಂದೇ ಹೇಂಟೆ ಕಾಟ ಬಿಡದಿದ್ದರೆ, ಪೆಟ್ಟು ತಿಂದದ್ದನ್ನಲ್ಲ, ಕೊಟ್ಟದ್ದನ್ನೇ ನಾಲ್ಕು ದಿನ ಬೇರೆ ಗೂಡಿಗೆ ಹಾಕಿ; ತಿರುಗಿ ಬರುವಷ್ಟರಲ್ಲಿ ಅದರ ಜಾಗ ಬಹುಮಟ್ಟಿಗೆ ಇನ್ನೊಂದರ ಪಾಲಾಗಿರುತ್ತದೆ.