ಮೊಲದ ಮೂಳೆಯ ಲೆಕ್ಕ ಬಹಿರಂಗವಾಗಲಿ

ಅಧ್ಯಕ್ಷರಿಗೆ,
ಪ್ರಾಣಿ ಪ್ರಯೋಗಗಳ ನಿಯಂತ್ರಣ ಮತ್ತು ಮೇಲ್ವಿಚಾರಣಾ ಸಮಿತಿ (ಸಿಸಿಎಸ್‌ಇಎ), ನವದೆಹಲಿ



ಬೈಕ್ ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ನುಚ್ಚುನೂರಾದವರಿಗೆ, ಸೊಂಟದಿಂದ ಒಂದಿಷ್ಟು ಮೂಳೆ ತೆಗೆದು ಅಲ್ಲಿ ತುಂಬಬೇಕು ಎಂದು ಮೂಳೆ ವೈದ್ಯರು ಹೇಳುವುದುಂಟು. ಅದು ರೋಗಿಯದೇ ಮೂಳೆ, ಜೀವಕೋಶಗಳೂ ಜೊತೆಗೇ ಬರುತ್ತವೆ, ದೇಹ ತಿರಸ್ಕರಿಸುವ ಭಯವಿಲ್ಲ. ಆದರೆ ಸೊಂಟಕ್ಕೆ ಹೊಸ ಗಾಯ. ಕಾಲು ನೆಟ್ಟಗಾದ ಮೇಲೂ ಕೆಲವರಿಗೆ ಸೊಂಟದ ನೋವು ಬಿಡುವುದಿಲ್ಲ. ತೆಗೆಯಬಹುದಾದ ಮೂಳೆಗೂ ಮಿತಿಯಿದೆ. ಈ ಕೊರತೆ ನೀಗಲೆಂದೇ ಬಂದವು ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಗ್ಲಾಸ್‌ನಂಥ ಸೆರಾಮಿಕ್‌ಗಳು. ಹೊಸದೊಂದು ಸೆರಾಮಿಕ್ ಮನುಷ್ಯನ ಮೈ ಸೇರುವ ಮೊದಲು ಇಲಿ, ಮೊಲ, ಮೇಕೆ, ಕುರಿಗಳ ಮೂಳೆಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಆ ಪರೀಕ್ಷೆಗಳ ಮೇಲೆ ಕಣ್ಣಿಡುವ ಸಮಿತಿಯ ಚುಕ್ಕಾಣಿ ತಮ್ಮ ಕೈಯಲ್ಲಿರುವುದರಿಂದ ಈ ಪತ್ರ.

ಪ್ರಾಣಿ ಪ್ರಯೋಗಗಳನ್ನೆಲ್ಲ ನಾಳೆಯೇ ನಿಲ್ಲಿಸಿ ಎಂಬ ಬೇಡಿಕೆ ಇಲ್ಲಿಲ್ಲ. ಗಾಜಿನ ತಟ್ಟೆಯಲ್ಲಿ ಮೂಳೆಯ ಜೀವಕೋಶಗಳನ್ನು ಬೆಳೆಸಬಹುದು. ಆದರೆ ರಕ್ತನಾಳ, ಉರಿಯೂತ, ನಡೆಯುವಾಗ ಬೀಳುವ ಭಾರ, ತಿಂಗಳುಗಟ್ಟಲೆ ಕರಗುವ ವಸ್ತು ಎಲ್ಲವೂ ಒಟ್ಟಿಗೆ ಆ ತಟ್ಟೆಯಲ್ಲಿ ಸಿಗುವುದಿಲ್ಲ. ಈ ವಿದ್ಯೆ ಬೆಳೆದದ್ದೇ ಪ್ರಾಣಿಗಳ ಮೂಲಕ. 1920ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ಫ್ರೆಡ್ ಆಲ್ಬೀ ಮೊಲಗಳ ಮೂಳೆಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಇಟ್ಟು, ಮೂಳೆ ಬೇಗ ಕೂಡಿಕೊಂಡಿತೆಂದು ವರದಿ ಮಾಡಿದರು. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ತಯಾರಿಸಿದ ವಿಶೇಷ ಗಾಜಿನ ತುಣುಕುಗಳನ್ನು ಇಲಿಗಳ ತೊಡೆಮೂಳೆಯಲ್ಲಿ ಇಡಲಾಯಿತು. ಆರು ವಾರ ಕಳೆದು ನೋಡಿದರೆ ಗಾಜು ಮೂಳೆಗೆ ಬೆಸೆದುಕೊಂಡಿತ್ತು, ಎಷ್ಟು ತಳ್ಳಿದರೂ ಹೊರಬರಲಿಲ್ಲ. ಅದೇ ಇಂದಿನ ಬಯೋಗ್ಲಾಸ್. ಆ ಇಲಿಗಳ ಋಣ ನಮ್ಮ ಮೇಲಿದೆ.

ಪ್ರಶ್ನೆ ಇರುವುದು ಪ್ರಯೋಗದ ಗುಣಮಟ್ಟದಲ್ಲಿ, ಅದರ ಫಲಿತಾಂಶ ಎಲ್ಲಿ ಹೋಗುತ್ತದೆ ಎಂಬುದರಲ್ಲಿ.

ಒಂದು ಸಾಮಾನ್ಯ ಪ್ರಯೋಗವನ್ನೇ ನೋಡೋಣ. ಅರಿವಳಿಕೆ ಕೊಟ್ಟ ಇಲಿಯ ತಲೆಯ ರೋಮ ಬೋಳಿಸಿ, ಚರ್ಮ ಸೀಳಿ, ಮೂಳೆಯ ಮೇಲಿನ ತೆಳು ಪೊರೆಯನ್ನು ಸರಿಸುತ್ತಾರೆ. ಟ್ರೆಫೈನ್ ಎಂಬ ಟೊಳ್ಳು ಡ್ರಿಲ್ಲಿನಿಂದ 8 ಮಿಲಿಮೀಟರ್ ಅಗಲದ ಬಿಲ್ಲೆಯೊಂದನ್ನು ತಲೆಬುರುಡೆಯಿಂದ ಕೊರೆದು ತೆಗೆಯುತ್ತಾರೆ. ಅಷ್ಟೇ ಅಗಲ ಏಕೆಂದರೆ ಅದಕ್ಕಿಂತ ಚಿಕ್ಕ ರಂಧ್ರವನ್ನು ದೇಹ ತಾನಾಗಿಯೇ ಮುಚ್ಚಿಕೊಳ್ಳಬಹುದು. ತಾನಾಗಿ ಮುಚ್ಚದ ರಂಧ್ರಕ್ಕೆ ‘ಕ್ರಿಟಿಕಲ್ ಸೈಜ್’ ಎಂಬ ಹೆಸರು ಗಟ್ಟಿಯಾದದ್ದು 1986ರಲ್ಲಿ ಷ್ಮಿಟ್ಸ್ ಮತ್ತು ಹಾಲಿಂಜರ್ ಬರೆದ ಪ್ರಬಂಧದಿಂದ. ಕೊರೆಯುವಾಗ ಸಲೈನ್ ಸುರಿಯುತ್ತಲೇ ಇರಬೇಕು. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಕಾದರೆ ಸಾಕು, ಅದಕ್ಕೆ ಹಾನಿಯಾಗುತ್ತದೆ ಎಂದು 1983ರಲ್ಲಿ ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ತೋರಿಸಿದ್ದೂ ಮೊಲಗಳಲ್ಲಿಯೇ. ಡ್ರಿಲ್ ಹಿಡಿದವರ ಕೈ ಅವಸರ ಮಾಡಿದರೆ ಅಂಚಿನ ಮೂಳೆ ಸುಟ್ಟು ಸಾಯುತ್ತದೆ, ದೂರು ಮಾತ್ರ ಸೆರಾಮಿಕ್ ಮೇಲೆ ಬರುತ್ತದೆ.

ಇನ್ನು ಎಕ್ಸ್‌ರೇ ಮಾಡುವ ಮೋಸ. ಹೈಡ್ರಾಕ್ಸಿಅಪಟೈಟ್ ನಮ್ಮ ಮೂಳೆಯ ಖನಿಜಕ್ಕೆ ತೀರಾ ಹತ್ತಿರದ ವಸ್ತು, ಹಾಗಾಗಿ ಫಿಲ್ಮಿನ ಮೇಲೆ ಅದೂ ಬೆಳ್ಳಗೇ ಕಾಣುತ್ತದೆ. ಶಸ್ತ್ರಚಿಕಿತ್ಸೆಯಾದ ಮರುದಿನವೇ ರಂಧ್ರ ತುಂಬಿದಂತೆ ತೋರುತ್ತದೆ, ಒಂದು ಚೂರು ಹೊಸ ಮೂಳೆ ಹುಟ್ಟಿರದಿದ್ದರೂ! ನಿಜ ಗೊತ್ತಾಗಬೇಕಾದರೆ ಪ್ರಾಣಿಯನ್ನು ಕೊಂದು, ಆ ಭಾಗವನ್ನು ರಾಳದಲ್ಲಿ ಹುದುಗಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ನೋಡಬೇಕು. ನೋಡುವವರಿಗೆ ಯಾವ ಸ್ಲೈಡ್ ಯಾವ ಗುಂಪಿನದೆಂದು ಗೊತ್ತಿರಬಾರದು. ಪಕ್ಕದಲ್ಲಿ ಏನೂ ತುಂಬದ ರಂಧ್ರವೂ ಇರಬೇಕು, ಪ್ರಾಣಿಯದೇ ಮೂಳೆ ತುಂಬಿದ ರಂಧ್ರವೂ ಇರಬೇಕು. ಇವಿಲ್ಲದ ಪ್ರಯೋಗದಿಂದ ಸೆರಾಮಿಕ್ ಕೆಲಸ ಮಾಡಿತೋ, ದೇಹವೇ ಮಾಡಿಕೊಂಡಿತೋ ಹೇಳಲಾಗದು. ಹಾಗೆ ಕೊಂದ ಪ್ರಾಣಿ ವ್ಯರ್ಥವಾಗಿ ಸತ್ತಂತೆಯೇ.

ಯಾವ ಪ್ರಾಣಿ ಎಂಬುದೂ ಸಣ್ಣ ವಿಷಯವಲ್ಲ. ಜೋಹಾನ್ಸ್‌ಬರ್ಗಿನ ಉಗೊ ರಿಪಾಮೊಂಟಿ ಬಬೂನುಗಳ ಸ್ನಾಯುವಿನಲ್ಲಿ ಹವಳದಿಂದ ಮಾಡಿದ ಹೈಡ್ರಾಕ್ಸಿಅಪಟೈಟ್ ಇಟ್ಟಾಗ, ಮೂಳೆಯೇ ಇಲ್ಲದ ಜಾಗದಲ್ಲಿ ಮೂಳೆ ಹುಟ್ಟಿತು. ನಾಯಿಗಳಲ್ಲಿಯೂ ಇಂಥದ್ದು ಕಂಡಿದೆ. ಇಲಿಗಳಲ್ಲಿ ಅದು ಅಪರೂಪ. ಇಲಿಯಲ್ಲಿ ಸೋತ ವಸ್ತು ನಾಯಿಯಲ್ಲಿ ಗೆಲ್ಲಬಹುದು, ಮೊಲದಲ್ಲಿ ಚುರುಕಾಗಿ ಕೂಡಿದ್ದು ಮನುಷ್ಯನಲ್ಲಿ ಕೂಡದೆಯೂ ಇರಬಹುದು.

ಅವಧಿಯದೂ ಅದೇ ಕಥೆ. 2001ರಲ್ಲಿ ಇಟಲಿಯ ರೊಡೊಲ್ಫೊ ಕ್ವಾರ್ಟೊ ಮತ್ತು ಸಂಗಡಿಗರು, ಕುರಿಗಳಲ್ಲಿ ಮಾಡಿದ ಪ್ರಯೋಗಗಳ ಬೆನ್ನಲ್ಲೇ, ಉದ್ದ ಮೂಳೆಯ ತುಂಡು ಕಳೆದುಕೊಂಡ ಮೂವರು ರೋಗಿಗಳಿಗೆ ರಂಧ್ರಮಯ ಹೈಡ್ರಾಕ್ಸಿಅಪಟೈಟ್ ಅಚ್ಚುಗಳನ್ನು ಅವರದೇ ಅಸ್ಥಿಮಜ್ಜೆಯ ಕೋಶಗಳೊಂದಿಗೆ ಹಾಕಿದ ವರದಿ ಕೊಟ್ಟರು. ಮೂಳೆ ಕೂಡಿತು. ಆದರೆ ಆರೇಳು ವರ್ಷಗಳ ನಂತರ ನೋಡಿದಾಗಲೂ ಆ ಸೆರಾಮಿಕ್ ಕರಗದೆ ಒಳಗೇ ಉಳಿದಿತ್ತು. ಕೆಲವೇ ತಿಂಗಳು ನಡೆಯುವ ಪ್ರಾಣಿ ಪ್ರಯೋಗ ಇಂಥದ್ದನ್ನು ಹೇಗೆ ತಾನೇ ಹೇಳೀತು?

ನಮ್ಮ ದೇಶದಲ್ಲಿಯೂ ಈ ಕೆಲಸ ಗಂಭೀರವಾಗಿ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಸಿಲಿಕಾ ಬೆರೆತ ಪದರ ಹೊದಿಸಿದ ಹೈಡ್ರಾಕ್ಸಿಅಪಟೈಟನ್ನು ಮೇಕೆಗಳ ತೊಡೆಮೂಳೆಯಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಮೊಲಗಳಲ್ಲಿ ಇಂಥ ವಸ್ತುಗಳನ್ನು ಪರೀಕ್ಷಿಸಿದ್ದಾರೆ. ಅವು ಪ್ರಕಟವಾದವು, ಆದ್ದರಿಂದ ಗೊತ್ತಾದವು. ಪ್ರಕಟವಾಗದವುಗಳ ಗತಿ? ಒಂದು ಪ್ರಯೋಗಾಲಯದಲ್ಲಿ ಹತ್ತು ಮೊಲಗಳಲ್ಲಿ ಸೋತ ಸೆರಾಮಿಕ್ಕನ್ನು, ಸೋತದ್ದು ಗೊತ್ತಿಲ್ಲದೆ, ಇನ್ನೊಂದು ಊರಿನವರು ಮತ್ತೆ ಹತ್ತು ಮೊಲಗಳಲ್ಲಿ ಪರೀಕ್ಷಿಸುವುದನ್ನು ತಡೆಯುವವರು ಯಾರು?

ಸಿಸಿಎಸ್‌ಇಎ ಹುಟ್ಟಿದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಿಂದ. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಮಂಡಿಸಿದ ಖಾಸಗಿ ಮಸೂದೆ ಆ ಕಾಯ್ದೆಗೆ ದಾರಿ ಮಾಡಿತು. 1998ರ ನಿಯಮಗಳ ಪ್ರಕಾರ ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಅರ್ಜಿ ನೋಡುತ್ತದೆ, ಮೇಕೆ, ಕುರಿ, ನಾಯಿಯಂಥ ದೊಡ್ಡ ಪ್ರಾಣಿಗಳಾದರೆ ಕಡತ ತಮ್ಮ ಸಮಿತಿಗೂ ಬರುತ್ತದೆ. ಎಷ್ಟು ಪ್ರಾಣಿ, ಯಾವ ನೋವು ನಿವಾರಕ, ಕೊಲ್ಲುವ ವಿಧಾನ ಯಾವುದು, ಎಲ್ಲವೂ ಆ ಅರ್ಜಿಯಲ್ಲಿರುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಕಾಗದಗಳು ಕಚೇರಿಯ ಕಪಾಟಿನಲ್ಲೇ ಉಳಿಯುತ್ತವೆ. ಮುಂದಿನ ಸಂಶೋಧಕ ಅವನ್ನು ಓದಲಾರ.

ಮನುಷ್ಯರ ಮೇಲಿನ ಪರೀಕ್ಷೆಗೆ ಇದೇ ದೇಶ ದಾರಿ ಕಂಡುಕೊಂಡಿದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾ 2007ರಲ್ಲಿ ಶುರುವಾಯಿತು, 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಾಣಿಗಳಿಗಾಗಿ ಜರ್ಮನಿ 2019ರಲ್ಲಿ ಇಂಥದೇ ನೋಂದಣಿ ಪುಸ್ತಕ ತೆರೆದಿದೆ. ನಮ್ಮಲ್ಲಿಯೂ ಅಂಥದ್ದೊಂದು ಬೇಕು, ಅದನ್ನು ಸೆರಾಮಿಕ್ ಮೂಳೆ ಕಸಿಯ ಪ್ರಯೋಗಗಳಿಂದಲೇ ಆರಂಭಿಸಬಹುದು. ವಿಷಯ ಸೀಮಿತ, ವಿಧಾನಗಳು ಹೆಚ್ಚುಕಡಿಮೆ ಒಂದೇ ತೆರ, ಕಡತಗಳು ಹೇಗೂ ಸಮಿತಿಗಳ ಮುಂದಿವೆ.

ವ್ಯಾಪಾರದ ಗುಟ್ಟು ಬಯಲಾಗುತ್ತದೆ ಎಂದು ಕಂಪನಿಗಳು ತಕರಾರು ತೆಗೆಯಬಹುದು. ಜರ್ಮನಿಯ ವ್ಯವಸ್ಥೆ ನೋಂದಾಯಿಸಿದ ವಿವರವನ್ನು ಐದು ವರ್ಷದವರೆಗೆ ಮುಚ್ಚಿಡಲು ಬಿಡುತ್ತದೆ. ಆ ಸವಲತ್ತನ್ನು ಇಲ್ಲಿಯೂ ಕೊಟ್ಟರಾಯಿತು. ಸಂಶೋಧಕರು ಕಾಗದದ ಕೆಲಸ ಹೆಚ್ಚಾಯಿತು ಎನ್ನಬಹುದು. ಅರ್ಜಿಯಲ್ಲಿ ಈಗಾಗಲೇ ಬರೆದದ್ದನ್ನೇ ಇನ್ನೊಂದು ಕಡೆ ಹಾಕುವುದು ಅಂಥ ಹೊರೆಯೇನಲ್ಲ.

ಆದ್ದರಿಂದ ಕೋರಿಕೆ ಇಷ್ಟು. ಮೂಳೆಯ ಸೆರಾಮಿಕ್‌ಗಾಗಿ ಪ್ರಾಣಿಯ ಮೇಲೆ ಕತ್ತಿ ಇಡುವ ಮುನ್ನ ಆ ಪ್ರಯೋಗದ ನೋಂದಣಿ ಕಡ್ಡಾಯವಾಗಲಿ. ಖಾಲಿ ರಂಧ್ರದ ಗುಂಪು, ಗುಂಪು ಗೊತ್ತಿಲ್ಲದೆ ಸ್ಲೈಡ್ ಓದುವ ಕ್ರಮ, ಆ ಪ್ರಾಣಿಯೇ ಏಕೆ ಎಂಬ ಕಾರಣ ಇಲ್ಲದ ಅರ್ಜಿ ಹಿಂದಿರುಗಲಿ. ಗೆಲುವಾಗಲಿ ಸೋಲಾಗಲಿ, ಫಲಿತಾಂಶ ಸಲ್ಲಿಸದ ಸಂಸ್ಥೆಗೆ ಮುಂದಿನ ಅನುಮತಿ ಸಿಗದಿರಲಿ. ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ಅಲ್ಲಿ ಏನು ತೀರ್ಮಾನವಾಯಿತೆಂದು ಸಾರ್ವಜನಿಕರಿಗೆ ತಿಳಿಸಬೇಕೆಂದು ವಿನಂತಿ.