ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ



ಮಕ್ಕಳಿಗೆ ರಜ ಬಂತೆಂದರೆ "ಅಮ್ಮಾ, ಎಲ್ಲಿಗಾದರೂ ಹೋಗೋಣ" ಎಂಬ ರಾಗ ನಿಮ್ಮ ಮನೆಯಲ್ಲೂ ಇದ್ದದ್ದೇ ಅಲ್ಲವೆ? ಬೇಲೂರು, ಹಳೇಬೀಡು ನೋಡಿಯಾಗಿತ್ತು. ಈ ಸಲ ದೊಡ್ಡಗದ್ದವಳ್ಳಿಗೆ ಹೊರಟೆವು.

ಹಾಸನದಿಂದ ಬೇಲೂರಿನ ಕಡೆಗೆ ಹೋಗಿ ಒಳಕ್ಕೆ ತಿರುಗಿದರೆ ಸುಮಾರು 20 ಕಿಲೋಮೀಟರಿನೊಳಗೆ ಈ ಹಳ್ಳಿ ಸಿಗುತ್ತದೆ. ತೆಂಗಿನ ಮರಗಳು, ಕೆರೆ, ಅದರ ಪಕ್ಕದಲ್ಲೇ ಲಕ್ಷ್ಮೀದೇವಿಯ ಗುಡಿ. ನೂಕುನುಗ್ಗಲಿಲ್ಲ, ಗಲಾಟೆಯಿಲ್ಲ. ಮನಸ್ಸಿಗೆ ತಂಪು.

ಹೊರಡುವಾಗ ನಮ್ಮ ಅತ್ತೆಯವರು, "ನೀವೆಲ್ಲ ಹೋಗಿ ಬನ್ನಿ. ಲಕ್ಷ್ಮಿಯ ಗುಡಿಗೆ ನಾನ್ಯಾಕೆ?" ಅಂದರು. ಮಾವನವರು ತೀರಿಕೊಂಡು ಎರಡು ವರ್ಷ. ಯಾರು ಏನು ಅಂದಾರೋ ಎಂದು ಹೆದರಿ, ಹೋದ ವರ್ಷ ವರಮಹಾಲಕ್ಷ್ಮಿಯ ದಿನ "ಅತ್ತೆ, ನೀವು ಒಳಗಿನ ಕೋಣೆಯಲ್ಲಿರಿ" ಎಂದವಳು ನಾನೇ. ಅದನ್ನು ಅವರು ಮರೆತಿರಲಿಲ್ಲ. ಬಲವಂತ ಮಾಡಿ ಕರೆತಂದರೂ ಹೊರಗಿನ ಜಗುಲಿಯಲ್ಲೇ ಕೂತುಬಿಟ್ಟರು.

ಈ ಗುಡಿ ಕಟ್ಟಿಸಿದ್ದು ರಾಜರಲ್ಲ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದ್ದು. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ. ಲಕ್ಷ್ಮಿಯಿರುವಲ್ಲೇ ಕಾಳಿಗೂ ಜಾಗ. ಕಾಳಿಯ ಬಾಗಿಲಿನ ಎರಡೂ ಕಡೆ ಆಳೆತ್ತರದ ಬೇತಾಳಗಳು, ಬರೀ ಎಲುಬಿನ ಗೂಡು!

ಅದನ್ನು ಕಂಡದ್ದೇ ತಡ, ನಮ್ಮ ಚಿಕ್ಕವನು "ಅಜ್ಜೀ" ಎಂದು ಚೀರಿದ. ಅತ್ತೆಯವರು ಎಲ್ಲವನ್ನೂ ಮರೆತು ಒಳಗೆ ಓಡಿಬಂದರು. ಮಗುವನ್ನು ತಬ್ಬಿಕೊಂಡು, "ಹೆದರಬೇಡವೋ, ಅವರು ದೇವಿಯ ಕಾವಲಿನವರು. ತಾಯಿ ನೋಡು, ಎಲುಬಿನ ಗೂಡಿಗೂ ಬಾಗಿಲಲ್ಲಿ ಜಾಗ ಕೊಟ್ಟಿದ್ದಾಳೆ" ಅಂದರು.

ಅವರೇನೋ ಮಗುವಿಗೆ ಹೇಳಿದ್ದು. ನನಗೆ ಮುಖ ಎತ್ತಲಾಗಲಿಲ್ಲ. ಲಕ್ಷ್ಮಿಯ ಮುಂದೆ ಅವರ ಕೈ ಹಿಡಿದು, "ಅತ್ತೆ, ನನ್ನದು ತಪ್ಪಾಯಿತು. ಈ ವರ್ಷ ಕಲಶ ನೀವೇ ಇಡಬೇಕು" ಅಂದೆ. ಅವರು ಮಾತಾಡಲಿಲ್ಲ. ಕೈಯನ್ನೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಕೆರೆಯ ಹತ್ತಿರ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ನೀವೂ ಹೋಗುವುದಾದರೆ ಊಟ ಕಟ್ಟಿಕೊಂಡೇ ಹೋಗಿ. ಮೊಸರನ್ನಕ್ಕೆ ಹಾಲು ಹೆಚ್ಚು ಹಾಕಿ, ಮೊಸರು ಎರಡೇ ಚಮಚ ಸಾಕು. ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ. ಎಲೆ, ಕಾಗದ ಅಲ್ಲಿ ಬಿಸಾಡದೆ ಚೀಲದಲ್ಲಿ ವಾಪಸು ತನ್ನಿ.

ಊಟ ಮಾಡುತ್ತಾ ಅತ್ತೆಯವರು ಕೇಳಿದರು: "ಆ ಸಹಜಾದೇವಿ ಹೆಸರೂ ಶಾಸನದಲ್ಲಿ ಇದೆಯೇನೇ?"

"ಇದೆ ಅತ್ತೆ" ಅಂದೆ.

"ಪುಣ್ಯಾತ್ಗಿತ್ತಿ" ಎಂದು ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡರು.

ಸೋದರಿ, ನಿಮ್ಮ ಮನೆಯಲ್ಲೂ "ನಾನ್ಯಾಕೆ" ಎನ್ನುವ ಹಿರಿಯರಿದ್ದರೆ, ಆ ಮಾತನ್ನು ಅವರಿಗೆ ಕಲಿಸಿದವರು ನಾವೇ ಇರಬಹುದು. ಮುಂದಿನ ರಜದಲ್ಲಿ ಅವರ ಸೀರೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ಏನಂತೀರಿ?